ಎಂಜಿನ್ ಬದಲಿಸುವವರು ಬ್ರೇಕನ್ನೂ ನೋಡಲಿ

ಮಾನ್ಯರೇ,

ಸಣ್ಣ ಕಾರಿನ ಎಂಜಿನ್ ಬ್ಲಾಕನ್ನೇ (ಎಂಜಿನ್ನಿನ ಮುಖ್ಯ ಲೋಹದ ಒಡಲನ್ನೇ) ಕಿತ್ತು ದೊಡ್ಡದನ್ನು ಕೂರಿಸುವ, ಇಲ್ಲವೇ ಪಿಸ್ಟನ್, ಕನೆಕ್ಟಿಂಗ್ ರಾಡ್‌ಗಳನ್ನು ಬದಲಿಸಿ ಶಕ್ತಿ ಹೆಚ್ಚಿಸುವ ಗೀಳು ನಗರದ ಕೆಲ ಯುವಕರಲ್ಲಿದೆ; ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳಿಗೇನೂ ಬರವಿಲ್ಲ. ಆದರೆ ಎಂಜಿನ್ ಸಂಖ್ಯೆಯನ್ನು ಕೆತ್ತಿರುವುದು ಬ್ಲಾಕಿನ ಮೇಲೆಯೇ ಆದ್ದರಿಂದ, ಅದು ಬದಲಾದೊಡನೆ ವಾಹನಕ್ಕೂ ನೋಂದಣಿ ಪತ್ರಕ್ಕೂ ತಾಳೆಯಾಗದೆ, ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯದಿದ್ದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಉಲ್ಲಂಘನೆಯಾಗುತ್ತದೆ. ಶಕ್ತಿ ಹೆಚ್ಚಿದರೂ ಬ್ರೇಕ್, ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್ ಹಳೆಯವೇ ಆಗಿದ್ದರೆ ಆ ಕಾರು ಸಮಯಕ್ಕೆ ನಿಲ್ಲುವುದಾದರೂ ಹೇಗೆ? ಸಿಲ್ಕ್ ಬೋರ್ಡ್ ಬಳಿಯ ವಾಹನ ದಟ್ಟಣೆಯಲ್ಲಿ ಮೊದಲ ಗೇರಿನಲ್ಲೇ ತೆವಳುವ ನಮಗೆ ಇಷ್ಟು ಶಕ್ತಿ ಏತಕ್ಕೆ ಎಂಬುದು ಬೇರೆಯೇ ಮಾತು. ಇಂಥ ಕೆಲಸ ಒಪ್ಪಿಕೊಳ್ಳುವ ಗ್ಯಾರೇಜುಗಳನ್ನು ಸಾರಿಗೆ ಇಲಾಖೆ ತಪಾಸಣೆ ಮಾಡಬೇಕು.

— ಒಬ್ಬ ಓದುಗ, ಜಯನಗರ, ಬೆಂಗಳೂರು