100ನೇ ಪಾಠ ಮುಗಿಯಿತು, ಹಸಿರು ಪರದೆ ಕಟ್ಟಿಕೊಟ್ಟವರಿಗೆ ಥ್ಯಾಂಕ್ಸ್

ನಿನ್ನೆ ರಾತ್ರಿ ನನ್ನ ವಿಜ್ಞಾನ ಪಾಠಗಳ 100ನೇ ವಿಡಿಯೋ ಹಾಕಿದೆ. ಗುರುಗ್ರಹದ ಮುಂದೆ ನಿಂತು ಎಂಟನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಬೇಕು ಅನ್ನೋದು ಎಷ್ಟೋ ದಿನದ ಆಸೆ. ಹಿಂದೆ ಹಸಿರು ಪರದೆ ಕಟ್ಟಿ ಶೂಟ್ ಮಾಡಿದರೆ, ಸಾಫ್ಟ್‌ವೇರ್ ಆ ಹಸಿರನ್ನು ತೆಗೆದು ಅಲ್ಲಿ ಬೇರೆ ಚಿತ್ರ ಕೂರಿಸುತ್ತೆ. ಸ್ಟುಡಿಯೋ ಬಾಡಿಗೆ ಕೊಡುವ ಶಕ್ತಿ ಇರಲಿಲ್ಲ. ತೀರ್ಥಹಳ್ಳಿಯ ನಮ್ಮ ಮನೆಯ 12 ಅಡಿ ರೂಮು, ಹಳೇ ಫೋನು, ಒಂದು ಹಸಿರು ಬಟ್ಟೆ, ಇಷ್ಟರಲ್ಲೇ ಆಗಬೇಕಿತ್ತು. ಆಗುವ ಹಾಗೆ ಮಾಡಿದವರೆಲ್ಲ ತಮ್ಮ ಹೆಸರು ಹಾಕಬೇಡ ಅಂದಿದ್ದಾರೆ. ಹೆಸರಿಲ್ಲದೆಯೇ ಹೇಳುತ್ತೇನೆ.

ಮೊದಲು ನಮ್ಮ ಬೀದಿಯ ಟೈಲರ್ ಅಣ್ಣನಿಗೆ. 44 ಇಂಚು ಅಗಲದ ಹಸಿರು ಕಾಟನ್ 5 ಮೀಟರ್ ತಂದು, ಎರಡು ತುಂಡು ಮಾಡಿ ಜೋಡಿಸಿ ಕೊಡಿ ಅಂದೆ. ಅವರು ಕತ್ತರಿ ಕೆಳಗಿಟ್ಟು, 'ಹಾಗೆ ಹೊಲಿದರೆ ಹೊಲಿಗೆಯ ಗೆರೆ ಸರಿಯಾಗಿ ನಿಮ್ಮ ತಲೆ ಹಿಂದೆ ಬರುತ್ತೆ ಮೇಡಂ' ಅಂದರು. ಒಂದು ತುಂಡನ್ನು ಹಾಗೇ ನಡುವೆ ಇಟ್ಟರು. ಇನ್ನೊಂದನ್ನು ಉದ್ದಕ್ಕೆ ಸೀಳಿ ಎರಡೂ ಪಕ್ಕಕ್ಕೆ ಹೊಲಿದರು. ಮೇಲೆ, ಕೆಳಗೆ ಪಿವಿಸಿ ಪೈಪ್ ತೂರುವಷ್ಟು ಮಡಿಕೆ ಬಿಟ್ಟರು. ಕೆಳಗಿನ ಪೈಪಿನ ಭಾರಕ್ಕೆ ಬಟ್ಟೆ ಬಿಗಿಯಾಗಿ ನಿಲ್ಲುತ್ತೆ. ಸುಕ್ಕು ಇದ್ದರೆ ನೆರಳು ಬೀಳುತ್ತೆ, ನೆರಳು ಬಿದ್ದ ಕಡೆ ಹಸಿರು ಬೇರೆಯಾಗುತ್ತೆ, ಸಾಫ್ಟ್‌ವೇರ್ ಅದನ್ನು ಸರಿಯಾಗಿ ತೆಗೆಯಲ್ಲ. ಮಳೆಗಾಲದ ಥಂಡಿಯಲ್ಲೂ ಆ ಬಟ್ಟೆ ನೆಟ್ಟಗೆ ನಿಂತಿತ್ತು ಅಂದರೆ ಅದು ಅವರ ಕೈಗುಣ.

ಎಲೆಕ್ಟ್ರಿಕಲ್ ಅಂಗಡಿಯವರಿಗೆ ಎರಡನೇ ಥ್ಯಾಂಕ್ಸ್. ಮೊದಲು ತಂದ ಎಲ್‌ಇಡಿ ಟ್ಯೂಬ್‌ಗಳಿಂದ ವಿಡಿಯೋ ತುಂಬಾ ಕಪ್ಪು ಪಟ್ಟಿ ಓಡುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಕಡಿಮೆ ಬೆಲೆಯ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತೆ. ಅವರು ಸುಮ್ನೆ ಟ್ಯೂಬ್ ಬದಲಿಸಿ ಕೊಟ್ಟರು, ಜಾಸ್ತಿ ದುಡ್ಡು ತಗೊಳ್ಳಲಿಲ್ಲ. ಫೋನಿನ ಶಟರ್, ಅಂದರೆ ಕ್ಯಾಮೆರಾ ಒಂದೊಂದು ಚಿತ್ರಕ್ಕೆ ಬೆಳಕು ತಗೊಳ್ಳುವ ಸಮಯ, 1/50 ಸೆಕೆಂಡಿಗೆ ಇಟ್ಟ ಮೇಲೆ ಪಟ್ಟಿ ಪೂರ್ತಿ ಹೋಯಿತು. ಬಟ್ಟೆಗೆ ಎರಡು ಟ್ಯೂಬ್, ಮುಖಕ್ಕೆ ಒಂದು. ಇವತ್ತಿಗೂ ಅಷ್ಟೇ.

ಬೆಂಗಳೂರಿನ ನನ್ನ ಅಣ್ಣನ ಮಗ ಫೋನ್ ಮಾಡಿಯೇ ಎಡಿಟಿಂಗ್ ಕಲಿಸಿದ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಸಾಕು ಅಂದವನೂ ಅವನೇ. ಬಟ್ಟೆಯ ಹಸಿರು ಬೆಳಕು ಬಿದ್ದು ನನ್ನ ಕೆನ್ನೆ ಹಸಿರಾಗಿ ಕಂಡಾಗ, 'ಅತ್ತೆ, ಬಟ್ಟೆಯಿಂದ 5 ಅಡಿ ಮುಂದೆ ಬನ್ನಿ' ಅಂದ. ಅದಕ್ಕೆ ಪ್ರತಿ ಭಾನುವಾರ ಮಂಚ ಎತ್ತಿ ಹಜಾರಕ್ಕೆ ಸಾಗಿಸಿದವರು ನಮ್ಮ ಮನೆಯವರು. ಹಸಿರೇ ಯಾಕೆ ಅಂತ ಅವರು ಕೇಳಿದಾಗ, ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರಿನ ಪ್ರತಿ 4 ಚುಕ್ಕೆಯಲ್ಲಿ 2 ಹಸಿರಿಗೇ ಮೀಸಲು, ಹಾಗಾಗಿ ಹಸಿರನ್ನು ಅದು ಚೆನ್ನಾಗಿ ಗುರುತಿಸುತ್ತೆ ಅಂತ ವಿವರಿಸಿದೆ. ಮಾರನೇ ವಾರ ಅದೇ ಒಂದು ಪಾಠವಾಯಿತು.

ಕೊನೆಗೆ ನಮ್ಮ ಅತ್ತೆಗೆ. ಮೂರನೇ ವಿಡಿಯೋ ನೋಡಿದ ಒಬ್ಬ ಹುಡುಗಿ ಕ್ಲಾಸಿನಲ್ಲಿ ಗಾಬರಿಯಿಂದ, 'ಮಿಸ್, ನಿಮ್ಮ ಕೈ ಕಟ್ ಆಗಿದೆ' ಅಂದಳು. ಮನೆಗೆ ಬಂದು ನೋಡಿದರೆ ನನ್ನ ಹಸಿರು ಗಾಜಿನ ಬಳೆಗಳೂ ಪರದೆಯ ಜೊತೆ ಮಾಯ. ಅಂಗೈ ಬೇರೆ, ಮೊಣಕೈ ಬೇರೆ, ನಡುವೆ ನಕ್ಷತ್ರಗಳು. ಬಳೆ ತೆಗೆದಿಟ್ಟು ಮತ್ತೆ ಶೂಟ್ ಮಾಡೋಣ ಅಂದುಕೊಂಡೆ. ಅತ್ತೆ ಒಪ್ಪಲಿಲ್ಲ. ಬರಿಗೈಯಲ್ಲಿ ನಿಲ್ಲಬೇಡ ಅಂದರು. ಹಾಗಂತ ನನ್ನ ಕೆಲಸ ನಿಲ್ಲಿಸು ಅಂತಲೂ ಅನ್ನಲಿಲ್ಲ. ಮಂಡಿನೋವಿನಲ್ಲೂ ತಾವೇ ನಡೆದು ಬಳೆ ಅಂಗಡಿಗೆ ಹೋಗಿ, ಕೆಂಪು ಬಳೆ ಒಂದು ಡಜನ್ ತಂದು, ಒಂದೊಂದಾಗಿ ನನ್ನ ಕೈಗೆ ಏರಿಸಿದರು. ನಿನ್ನೆಯ ವಿಡಿಯೋದಲ್ಲಿ ಗುರುಗ್ರಹದ ಕೆಂಪು ಚುಕ್ಕೆ ತೋರಿಸುವಾಗ ನನ್ನ ಕೈಯಲ್ಲಿ ಇದ್ದಿದ್ದು ಅದೇ ಬಳೆ.