ಏಳು ವಾರಗಳಿಂದ ಮುಚ್ಚದ ಗುಂಡಿ: ಕುಡಿಯುವ ನೀರಿನ ಮುಖ್ಯ ಕೊಳವೆ ಕಾಮಗಾರಿ ಕುರಿತು ದೂರು

ಗೆ,
ಯೋಜನಾ ವ್ಯವಸ್ಥಾಪಕರು,
ಮುಖ್ಯ ಕೊಳವೆ ಅಳವಡಿಕೆಯ ಗುತ್ತಿಗೆ ಸಂಸ್ಥೆ,
ಬೆಂಗಳೂರು.

ವಿಷಯ: 4ನೇ ಅಡ್ಡರಸ್ತೆಯಲ್ಲಿ ತೋಡಿದ ಗುಂಡಿಯನ್ನು ಮುಚ್ಚದಿರುವುದು ಮತ್ತು ಒಡೆದ ಒಳಚರಂಡಿ ಪೈಪನ್ನು ಸರಿಪಡಿಸದಿರುವ ಬಗ್ಗೆ.

ಮಾನ್ಯರೇ,

2007ರಲ್ಲಿ ಬೆಂಗಳೂರು ಮಹಾನಗರಕ್ಕೆ ಸೇರಿದ 110 ಹಳ್ಳಿಗಳ ಪೈಕಿ ಒಂದರ ನಿವಾಸಿಗಳು ನಾವು. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲೇ ಇಷ್ಟು ವರ್ಷ ಸಂಸಾರ ತೂಗಿಸಿದ್ದೇವೆ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಬತ್ತುವ ಹಂತಕ್ಕೆ ಬಂದಾಗ ಪಾತ್ರೆ ತೊಳೆದ ನೀರನ್ನೇ ಶೌಚಾಲಯಕ್ಕೆ ಬಳಸಿದ್ದೇವೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದಾಗ, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪ್ ಆಗಿ ಬರುವ ಆ ನೀರು ನಮ್ಮ ಮನೆಗೂ ಬಂದೀತೆಂದು ಇಡೀ ಬೀದಿ ಕಾದಿತ್ತು. ಕೊಳವೆ ನಮಗೆ ಬೇಕೇ ಬೇಕು. ರಸ್ತೆ ಅಗೆದದ್ದಕ್ಕೆ ನಮ್ಮ ಆಕ್ಷೇಪವಿಲ್ಲ, ಅಗೆದು ಹಾಗೆಯೇ ಬಿಟ್ಟುಹೋಗಿರುವುದಕ್ಕೆ ಈ ದೂರು.

ಏಳು ವಾರಗಳ ಹಿಂದೆ ಒಂದು ಬೆಳಿಗ್ಗೆ, ಯಾವ ಮುನ್ಸೂಚನೆಯೂ ಇಲ್ಲದೆ ಜೆಸಿಬಿ ಬಂದು ಅಗೆಯಲು ಶುರುಮಾಡಿತು. ಮನೆಯೊಳಗೆ ನಿಲ್ಲಿಸಿದ್ದ ಕಾರು, ಸ್ಕೂಟರ್‌ಗಳನ್ನು ಹೊರಗೆ ತೆಗೆಯುವುದಕ್ಕೂ ಸಮಯ ಸಿಗಲಿಲ್ಲ. ನಾಲ್ಕು ದಿನಗಳಲ್ಲಿ ಪೈಪು ಇಳಿಸಿ ಬೀದಿಯ ಮೊದಲರ್ಧವನ್ನು ಮುಚ್ಚಿದ ನಿಮ್ಮ ಕೆಲಸಗಾರರು, ವಾಲ್ವ್ ಬಂದಿಲ್ಲವೆಂದು ಹೇಳಿ, ಸುಮಾರು ನಲವತ್ತು ಮೀಟರ್ ಉದ್ದ, ಆಳೆತ್ತರದ ಗುಂಡಿಯನ್ನು ತೆರೆದಿಟ್ಟು ಪಕ್ಕದ ಬೀದಿಗೆ ಹೋದರು. ಅಲ್ಲಿಯೂ ಅಗೆತ ನಡೆದಿದೆ. ಇಲ್ಲಿ ಉಳಿದಿರುವುದು ಎರಡು ಕೋಲುಗಳಿಗೆ ಕಟ್ಟಿದ, ಈಗ ಹರಿದುಹೋಗಿರುವ ಕೆಂಪು ಬಿಳಿ ಪ್ಲಾಸ್ಟಿಕ್ ಪಟ್ಟಿ ಮಾತ್ರ. ರಾತ್ರಿ ಎಚ್ಚರಿಸಲು ಒಂದು ದೀಪವೂ ಇಲ್ಲ.

ನನ್ನ ತಾಯಿಗೆ 71 ವರ್ಷ. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗಲೇಬೇಕು. ಮೊದಲು ಆಟೋ ಗೇಟಿನ ಮುಂದೆಯೇ ಬರುತ್ತಿತ್ತು. ಈಗ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾನು ಮುಂದೆ, ಪಕ್ಕದ ಮನೆಯ ಹುಡುಗ ಹಿಂದೆ ಹಿಡಿದು, ಗುಂಡಿಯ ಮೇಲೆ ನಾವೇ ಹಾಕಿಕೊಂಡಿರುವ ಎರಡು ಸೆಂಟ್ರಿಂಗ್ ಹಲಗೆಗಳ ಮೇಲೆ ದಾಟಿಸುತ್ತೇವೆ. ಕಳೆದ ಗುರುವಾರ ಮಳೆಗೆ ಹಲಗೆ ನೆನೆದು ಜಾರುತ್ತಿತ್ತು. ಹಿಂದೆ ಹಿಡಿದವನ ಕಾಲು ಸರಿದು ಕುರ್ಚಿ ಒಂದು ಕಡೆಗೆ ವಾಲಿದಾಗ ಅಮ್ಮ ಕೂಗಲಿಲ್ಲ, ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿರುವ (ಫಿಸ್ಟುಲಾ) ಎಡಗೈಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿಕೊಂಡರು. ಅಂದು ಏನೂ ಆಗಲಿಲ್ಲ. ಆದರೆ ಹಿಂತಿರುಗುವಾಗ ಮತ್ತೆ ಅದೇ ಹಲಗೆಯನ್ನು ದಾಟಬೇಕಿತ್ತು, ಮುಂದಿನ ಸರದಿಯಲ್ಲಿಯೂ ದಾಟಬೇಕು. ಒಂದು ಕಬ್ಬಿಣದ ಹಲಗೆ ಮತ್ತು ಹಿಡಿದುಕೊಳ್ಳಲು ಕಂಬಿ ಹಾಕಿಕೊಡಿ ಎಂದು ನಿಮ್ಮ ಸೈಟ್ ಮೇಲ್ವಿಚಾರಕರನ್ನು ಮೂರು ಬಾರಿ ಕೇಳಿದ್ದೇನೆ. ಮೂರು ಬಾರಿಯೂ "ನಾಳೆ ಹಾಕಿಸ್ತೀನಿ ಸಾರ್" ಎಂಬ ಉತ್ತರವೇ ಬಂದಿದೆ.

ಇದರಷ್ಟೇ ಗಂಭೀರವಾದದ್ದು ನೀರಿನ ವಿಷಯ. ಅಗೆಯುವಾಗ ಜೆಸಿಬಿ ತಗುಲಿ ಮೂರು ಮನೆಗಳ ಒಳಚರಂಡಿ ಪೈಪು ಒಡೆದಿದೆ, ಅದರ ಪಕ್ಕದ ಬೋರ್‌ವೆಲ್ ಪೈಪು ಬಿರುಕು ಬಿಟ್ಟಿದೆ. ಬಿರುಕಿಗೆ ಸೈಕಲ್ ಟ್ಯೂಬ್ ಸುತ್ತಿ ಹೋಗಿದ್ದಾರೆ. ಬೋರ್‌ವೆಲ್ ನೀರು ಬಿಡುವುದು ದಿನ ಬಿಟ್ಟು ದಿನ. ನೀರು ಬಿಡದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡವಿರುವುದಿಲ್ಲವಾದ್ದರಿಂದ ಗುಂಡಿಯಲ್ಲಿ ನಿಂತ ಕೊಳಚೆ ಆ ಬಿರುಕಿನಿಂದ ಒಳಗೆ ಇಳಿಯುತ್ತದೆ, ಮುಂದಿನ ಸರದಿಯಲ್ಲಿ ಮೊದಲ ನೀರಿನೊಂದಿಗೆ ನೇರವಾಗಿ ಮನೆಯ ನೀರಿನ ಸಂಪ್‌ಗೆ ಬರುತ್ತದೆ. ಬಕೆಟ್ಟಿನಲ್ಲಿ ಹಿಡಿದು ಬೆಳಕಿಗೆ ನೋಡಿದರೆ ಕೂದಲೆಳೆಯಂಥ ಕಪ್ಪು ಎಳೆಗಳು ತೇಲುತ್ತವೆ, ವಾಸನೆಯಂತೂ ಹೇಳಲಾಗದು. ಬೀದಿಯ ಇಬ್ಬರು ಮಕ್ಕಳಿಗೆ ವಾಂತಿಭೇದಿಯಾಗಿದೆ. ಅದಕ್ಕೆ ಇದೇ ಕಾರಣವೆಂದು ನಾನು ಖಚಿತವಾಗಿ ಹೇಳಲಾರೆ, ಆದರೂ ಆ ನೀರನ್ನು ಯಾರೂ ಬಾಯಿಗೆ ಹಾಕುತ್ತಿಲ್ಲ. ಇನ್ನೂ ಕಳವಳದ ಸಂಗತಿಯೆಂದರೆ, ನಾಳೆ ನಮಗೆ ಕಾವೇರಿ ನೀರು ತರಬೇಕಾದ ಹೊಸ ಡಿ.ಐ. (ಡಕ್ಟೈಲ್ ಕಬ್ಬಿಣದ) ಪೈಪಿನ ತೆರೆದ ತುದಿ ಅದೇ ಕೊಳಚೆಯಲ್ಲಿ ಬಿದ್ದಿದೆ. ಅದರ ಬಾಯಿಗೆ ಮುಚ್ಚಳ ಹಾಕಿಲ್ಲ, ಖಾಲಿ ಸಿಮೆಂಟ್ ಚೀಲ ತುರುಕಿದ್ದಾರೆ.

ಕುಡಿಯುವ ನೀರನ್ನು ಟ್ಯಾಂಕರಿನಲ್ಲಿ ತರಿಸೋಣವೆಂದರೆ ಟ್ಯಾಂಕರ್ ಬೀದಿಯೊಳಗೆ ಬರಲಾಗದು. ಮುಖ್ಯರಸ್ತೆಯಿಂದ ಪೈಪು ಜೋಡಿಸಿ ಎಳೆಯುವುದಕ್ಕೆ ಪ್ರತಿ ಲೋಡಿಗೆ 200 ರೂಪಾಯಿ ಹೆಚ್ಚಿಗೆ ಕೊಡುತ್ತಿದ್ದೇವೆ. ಮೂಲೆಯ ದಿನಸಿ ಅಂಗಡಿಯಾಕೆಗೆ ಗಿರಾಕಿಗಳೇ ಇಲ್ಲದಂತಾಗಿದೆ. ಶಾಲೆಯ ವ್ಯಾನು, ಕಸದ ಆಟೋ ಎರಡೂ ಒಳಗೆ ಬರುವುದನ್ನು ನಿಲ್ಲಿಸಿವೆ.

ಮುಚ್ಚಿದ ಭಾಗದ ಸ್ಥಿತಿಯನ್ನೂ ತಾವು ನೋಡಬೇಕು. ತೆಗೆದ ಮಣ್ಣನ್ನೇ ಕಲ್ಲುಗುಂಡುಗಳ ಸಮೇತ ಒಮ್ಮೆಲೇ ತಳ್ಳಿ ಮೇಲೆ ಜಲ್ಲಿ ಹರಡಿದ್ದಾರೆ. ಪದರಪದರವಾಗಿ ತುಂಬಿ ದಮ್ಮಸ್ಸು ಮಾಡದ್ದರಿಂದ ಎರಡೇ ಮಳೆಗೆ ಅದು ಮುಕ್ಕಾಲು ಅಡಿ ಕುಸಿದು, ಹಾಲಿನ ಗಾಡಿಯ ಚಕ್ರ ಹೂತುಹೋಗಿತ್ತು. ಅದರ ಮೇಲೆಯೇ ಡಾಂಬರು ಹಾಕಿದರೆ ಆ ರಸ್ತೆ ಒಂದು ಮಳೆಗಾಲವನ್ನೂ ತಾಳದು.

ಆದ್ದರಿಂದ, ಈ ಪತ್ರ ತಲುಪಿದ ಮರುದಿನವೇ ಹಿಡಿದುಕೊಳ್ಳಲು ಕಂಬಿಯಿರುವ ಕಬ್ಬಿಣದ ದಾಟುಹಲಗೆ, ಗಟ್ಟಿಯಾದ ಬ್ಯಾರಿಕೇಡ್ ಮತ್ತು ರಾತ್ರಿಯ ದೀಪವನ್ನು ಒದಗಿಸಬೇಕೆಂದು ಕೋರುತ್ತೇನೆ. ಇದಕ್ಕೆ ವಾಲ್ವ್ ಬರುವವರೆಗೆ ಕಾಯಬೇಕಾಗಿಲ್ಲ. ಒಡೆದ ಒಳಚರಂಡಿ ಮತ್ತು ಬೋರ್‌ವೆಲ್ ಪೈಪುಗಳನ್ನು ಮೂರು ದಿನಗಳೊಳಗೆ ಬದಲಾಯಿಸಿ, ಅಲ್ಲಿಯವರೆಗೆ ನಿಮ್ಮ ಖರ್ಚಿನಲ್ಲಿ ಟ್ಯಾಂಕರ್ ನೀರು ಕೊಡಬೇಕು. ಉಳಿದ ಭಾಗವನ್ನು ಹತ್ತು ದಿನಗಳಲ್ಲಿ ಸರಿಯಾಗಿ ದಮ್ಮಸ್ಸು ಮಾಡಿ ಮುಚ್ಚಬೇಕು. ಮನೆಮನೆಯ ಸಂಪರ್ಕದ ಪೈಪುಗಳನ್ನೂ ಈಗಲೇ ಹಾಕಿದರೆ ಇದೇ ರಸ್ತೆಯನ್ನು ಮತ್ತೊಮ್ಮೆ ಅಗೆಯುವ ಪ್ರಮೇಯ ಬರುವುದಿಲ್ಲ. ಹೊಸ ಕೊಳವೆಯಲ್ಲಿ ನೀರು ಬಿಡುವ ಮೊದಲು ಅದನ್ನು ತೊಳೆದು, ಕ್ಲೋರಿನ್ ಹಾಕಿ, ನಲ್ಲಿಯಲ್ಲಿ ಬರುವ ನೀರಿನಲ್ಲಿ ಕುಡಿಯುವ ನೀರಿನ ಗುಣಮಟ್ಟದ ಭಾರತೀಯ ಮಾನಕ 10500 ಹೇಳುವಂತೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇದೆಯೆಂಬ ಪರೀಕ್ಷಾ ವರದಿಯನ್ನು ನಿವಾಸಿಗಳಿಗೆ ತೋರಿಸಬೇಕು.

ಇಪ್ಪತ್ತಾರು ಮನೆಯವರ ಸಹಿ ಮತ್ತು ಗುಂಡಿ, ಪೈಪಿನ ತುದಿ, ಸಂಪಿನ ನೀರು ಇವುಗಳ ಫೋಟೋಗಳನ್ನು ಲಗತ್ತಿಸಿದ್ದೇನೆ. ಈ ಪತ್ರದ ಪ್ರತಿಯನ್ನು ಕೆಲಸ ವಹಿಸಿದ ಇಲಾಖೆಯ ಇಂಜಿನಿಯರರಿಗೂ ಕಳುಹಿಸಲಾಗಿದೆ. ಯಾವ ದಿನ ಏನು ಮಾಡುತ್ತೀರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ. ಅಮ್ಮನ ಮುಂದಿನ ಡಯಾಲಿಸಿಸ್ ಶನಿವಾರ ಬೆಳಿಗ್ಗೆ ಆರು ಗಂಟೆಗೆ ಇದೆ.

ಇತಿ ತಮ್ಮ ವಿಶ್ವಾಸಿ,
4ನೇ ಅಡ್ಡರಸ್ತೆಯ ನಿವಾಸಿಗಳ ಪರವಾಗಿ
(ಸಹಿ)