ಕಲೋತ್ಸವ ನೋಡಲು ಹೊರಟ ಅಳಿಯನಿಗೆ

ಬದಿಯಡ್ಕ

ಪ್ರೀತಿಯ ಅಭಿ,

ಉಪಜಿಲ್ಲಾ ಕಲೋತ್ಸವಕ್ಕೆ, ಅಂದರೆ ನಮ್ಮ ಕೇರಳದ ಶಾಲಾ ಮಕ್ಕಳ ಕಲಾ ಸ್ಪರ್ಧೆಗೆ, ನಿಮ್ಮ ಶಾಲೆಯ ಯಕ್ಷಗಾನ ತಂಡ ಹೋಗುತ್ತದಂತೆ. ನಿನ್ನನ್ನು ತಂಡಕ್ಕೆ ಸೇರಿಸಲಿಲ್ಲ, ಮುಖ ಊದಿಸಿಕೊಂಡಿದ್ದೀಯ ಅಂತ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಇರಲಿ ಮಾರಾಯ. ನೋಡುವವರಿಗೂ ಅಲ್ಲಿ ಕೆಲಸ ಇದೆ.

ಮೊದಲು ಒಂದು ಸಂಗತಿ ತಿಳಿದುಕೋ. ಕಲೋತ್ಸವದಲ್ಲಿ ತಂಡವನ್ನು ಶಾಲೆಯ ಹೆಸರು ಹೇಳಿ ವೇದಿಕೆಗೆ ಕರೆಯುವುದಿಲ್ಲ. ಚೀಟಿ ಎತ್ತಿಸಿ ಕೋಡ್ ನಂಬರ್ ಕೊಡುತ್ತಾರೆ. ಯಾವ ಶಾಲೆ ಅಂತ ತೀರ್ಪುಗಾರರಿಗೆ ಗೊತ್ತಾಗಬಾರದು, ಅದಕ್ಕೇ ಈ ಏರ್ಪಾಡು. ನೀವು ನಾಲ್ಕು ಮಂದಿ ಸೇರಿ ಶಾಲೆಯ ಹೆಸರು ಕೂಗಿದಿರೋ, ಅದೆಲ್ಲ ನೀರಿನಲ್ಲಿ ಹೋಮ. ಆಮೇಲೆ ಎ ಗ್ರೇಡ್ ಬಂದರೂ 'ಗೊತ್ತಿದ್ದೇ ಕೊಟ್ಟದ್ದು' ಅನ್ನುವವರು ಇದ್ದೇ ಇರುತ್ತಾರೆ. ಪರದೆ ಬಿದ್ದ ಮೇಲೆ ಎಷ್ಟು ಬೇಕಾದರೂ ಚಪ್ಪಾಳೆ ಹೊಡಿ. ಹೆಸರು ಮಾತ್ರ ಬೇಡ.

ಚಪ್ಪಾಳೆಗೂ ಹೊತ್ತು ಉಂಟು. ಕೋಲ್ಕಳಿಯಲ್ಲಿ ಹುಡುಗರು ಹಾಡುತ್ತಾ ಸುತ್ತುತ್ತಾ ಕೋಲು ಹೊಡೆಯುತ್ತಾರೆ. ಆ ಸದ್ದೇ ಅವರಿಗೆ ತಾಳ. ಸಭೆಯವರು ಹುರುಪಿನಲ್ಲಿ ತಮ್ಮದೇ ಲೆಕ್ಕಕ್ಕೆ ಚಪ್ಪಾಳೆ ಶುರು ಮಾಡಿದರೆ ಆಚೆ ಬದಿಯವನಿಗೆ ಜೊತೆಯವನ ಕೋಲು ಕೇಳಿಸುವುದಿಲ್ಲ. ಹುಡುಗಿಯರು ಕೈತಟ್ಟಿ ಹಾಡಿ ಕುಣಿಯುವ ಒಪ್ಪನದಲ್ಲೂ ಹಾಗೆಯೇ. ಯಕ್ಷಗಾನಕ್ಕೆ ಚೆಂಡೆ ಇದೆಯಲ್ಲ, ನಮ್ಮ ಮಾತು ಯಾರಿಗೆ ಕೇಳುತ್ತದೆ ಅಂತ ನಿನಗೆ ಅನಿಸಬಹುದು. ಅರ್ಥ ಹೇಳುವಾಗ, ಅಂದರೆ ವೇಷದವರು ಮಾತಾಡುವಾಗ, ಚೆಂಡೆ ನಿಂತಿರುತ್ತದೆ, ಅಲ್ವಾ? ಆಗ ಸಭೆಯ ಹರಟೆ ನೇರ ವೇಷದವರ ಕಿವಿಗೇ ಬೀಳುತ್ತದೆ. ಮೇಳದ ಹಳೇ ಹಾಸ್ಯಗಾರರಾದರೆ ಅದನ್ನೂ ಮಾತಿಗೆ ಸೇರಿಸಿ ನಗಿಸಿಬಿಟ್ಟಾರು. ಎಂಟನೇ ಕ್ಲಾಸಿನ ಮಗು ಏನು ಮಾಡೀತು? ಮುಂದಿನ ಮಾತು ಮರೆತು ನಿಲ್ಲುತ್ತದೆ.

ಮೊಬೈಲ್ ವಿಷಯ ನಿನಗೇ ಗೊತ್ತು. ಫ್ಲ್ಯಾಶ್ ಹಾಕಬೇಡ, ಪರದೆ ಸರಿದ ಮೇಲೆ ಎದ್ದು ಓಡಾಡಬೇಡ.

ನನಗೆ ಜಾಸ್ತಿ ಬೇಜಾರಾಗುವುದು ಬೇರೆಯದಕ್ಕೆ. ತಮ್ಮ ತಂಡ ಇಳಿದ ಕೂಡಲೇ ಶಾಲೆಗೆ ಶಾಲೆಯೇ ಎದ್ದು ಹೋಗುತ್ತದೆ. ಕೊನೆಯ ತಂಡ ಖಾಲಿ ಕುರ್ಚಿಗಳ ಮುಂದೆ ಕುಣಿಯಬೇಕು. ಅವರೂ ಶಾಲೆ ಬಿಟ್ಟ ಮೇಲೆ ನಿಂತು ಕಲಿತವರೇ. ಬಣ್ಣ ಹಚ್ಚಿಕೊಂಡು ಹಸಿದು ಕಾದವರು. ಚೀಟಿಯಲ್ಲಿ ಕೊನೆಯ ನಂಬರ್ ಬಂದದ್ದು ಅವರ ತಪ್ಪಾ?

ಕನ್ನಡ ಕಂಠಪಾಠ, ಭಾಷಣ ಕೇಳಲು ಜನ ಬರುವುದಿಲ್ಲ ಅಂತ ನಮ್ಮ ಕನ್ನಡದವರು ದೂರುತ್ತಾರೆ. ನಿಜವೇ. ಆದರೆ ಮಲಯಾಳಂ ಹಾಡಿನ ತಿರುವಾದಿರ ಕುಣಿತ ಶುರುವಾಗುವಾಗ ನಮ್ಮ ಮಕ್ಕಳು ಎಲ್ಲಿರುತ್ತಾರೆ? ಐಸ್‌ಕ್ರೀಂ ಗಾಡಿಯ ಹತ್ತಿರ. ನಿನಗೆ ಮಲಯಾಳಂ ಚೆನ್ನಾಗಿ ಬರುತ್ತದೆ, ಕೂತು ನೋಡು. ದೀಪದ ಸುತ್ತ ಅಷ್ಟೂ ಹುಡುಗಿಯರು ಒಂದೇ ಸಲ ಬಾಗುತ್ತಾರೆ. ಯಾರು ಯಾರನ್ನು ನೋಡಿಕೊಂಡು ಹೆಜ್ಜೆ ಎತ್ತುತ್ತಾರೆ, ಒಬ್ಬಳು ತಪ್ಪಿದರೆ ಪಕ್ಕದವಳು ಹೇಗೆ ಸರಿಮಾಡಿಕೊಳ್ಳುತ್ತಾಳೆ, ಗಮನಿಸು. ಮುಂದಿನ ವರ್ಷ ನೀನು ತಂಡಕ್ಕೆ ಸೇರಿದರೆ ಇದೇ ಬೇಕಾಗುವುದು. ರಾಜ್ಯ ಕಲೋತ್ಸವ 1991ರಲ್ಲಿ ನಮ್ಮ ಕಾಸರಗೋಡು ಜಿಲ್ಲೆಗೆ ಬಂದದ್ದು, ಆಮೇಲೆ 2019ರಲ್ಲೇ ಕಾಞಂಗಾಡಿಗೆ ಬಂತು. ಇದನ್ನೆಲ್ಲ ಹತ್ತಿರದಲ್ಲಿ ನೋಡಲು ನಮಗೆ ಉಪಜಿಲ್ಲೆಯದ್ದೇ ಗತಿ.

ಕೊನೆಯ ತಂಡ ಮುಗಿಯುವಾಗ ಕತ್ತಲಾದರೆ ಬಸ್ಸಿಗೆ ಓಡಬೇಡ. ನನಗೆ ಫೋನ್ ಮಾಡು, ಸ್ಕೂಟರಿನಲ್ಲಿ ಬರುತ್ತೇನೆ. ರಾತ್ರಿ ನಮ್ಮಲ್ಲೇ ಉಳಿ. ಅತ್ತೆಗೂ ಹೇಳಿಟ್ಟಿದ್ದೇನೆ.

ಇತಿ,
ನಿನ್ನ ಮಾವ